ಬಳೆ ಇಲ್ಲದ ಕೈ

"ಇನ್ನ ಎಡಗೈ ಕೊಡವಾ," ಎಂದ ಮದುವೆ ಮನೆಯ ಕಟ್ಟೆಯ ಮೇಲೆ ಕೂತಿದ್ದ ಬಳೆಗಾರ ಜಿಲಾನಸಾಬ. ಬಲಗೈ ತುಂಬ ಹಸಿರು ಬಳೆ ತೊಟ್ಟಿದ್ದ ಹಂಪವ್ವ ಎಡಗೈಯನ್ನು ಸೆರಗಿನೊಳಗೆ ಎಳೆದುಕೊಂಡಳು.

"ಅದಕ್ಕ ಬ್ಯಾಡ್ರಿ ಕಾಕಾ. ಕಿಡ್ನಿ ಕೆಟ್ಟಾವು. ವಾರಕ್ಕ ಮೂರು ಸಲ ಕೊಪ್ಪಳಕ್ಕ ಡಯಾಲಿಸಿಸ್ಸಿಗೆ ಹೋಗ್ತೀನಿ. ಸೂಜಿ ಚುಚ್ಚಾಕ ಈ ಕೈಯಾಗ ನರ ಕೂಡಿಸ್ಯಾರ. ಬಳಿ ಒತ್ತಬಾರದು."

ಮದುಮಗಳ ತಾಯಿ ರೇಣುಕಮ್ಮ ನಾದಿನಿಯ ಮುಖ ನೋಡದೆ ಮೆಲ್ಲಗೆ ಅಂದಳು: "ಮೊದಲನೇ ಅರಿಷಿಣ ಸೋದರತ್ತಿನ ಹಚ್ಚಬೇಕು, ಖರೆ. ಆದ್ರ ಒಂದು ಕೈ ಬರಿದ ಇಟ್ಕೊಂಡು ಹೆಂಗವಾ? ಈ ಸಲ ನಮ್ಮಕ್ಕ ಶರಣಬಸಮ್ಮ ಹಚ್ಚಲಿ ಬಿಡು."

"ಹಚ್ಚಲಿ ಬಿಡ್ರಿ ವೈನಿ," ಎಂದಳು ಹಂಪವ್ವ. ಹೆಂಗಸರೆಲ್ಲ ಬಳೆ ಸದ್ದು ಮಾಡುತ್ತ ಒಳಗೆ ಹೋದರು. ಕಟ್ಟೆಯ ಮೇಲೆ ಅವಳೂ ಮುದುಕನೂ ಉಳಿದರು.

ಜಿಲಾನಸಾಬ ಬಳೆಗಳನ್ನು ಗಂಟು ಕಟ್ಟುವುದನ್ನು ನಿಲ್ಲಿಸಿದ. "ಕೊಡವಾ, ನೋಡ್ತೀನಷ್ಟ. ಬಳಿ ಇಡಂಗಿಲ್ಲ." ಹಂಪವ್ವ ಹಿಂಜರಿಯುತ್ತ ಕೈ ಚಾಚಿದಳು. ಉಬ್ಬಿದ ನರದ ಮೇಲೆ ಅವನು ಬೆರಳಿಟ್ಟ. ಒಳಗೆ ಅದು ಬಿಡದೆ ಕಂಪಿಸುತ್ತಿತ್ತು.

"ಇದು ಜುಮುಜುಮು ಅನ್ನಾಕತ್ತೈತಲ್ಲವಾ."

"ಹಗಲು ರಾತ್ರಿ ಹಂಗ ಅಂತೈತ್ರಿ. ನಿಂತ್ರ ನರ ಕೆಟ್ಟಂಗ. ಮಲಗುವಾಗ ಕಿವಿಗಿಟ್ಕೊಂಡು ಕೇಳ್ತೀನಿ. ನಾ ಒಬ್ಬಾಕಿನ."

"ನಲವತ್ತು ವರ್ಷ ಕೈ ಹಿಡದೀನಿ. ಬಳಿ ಇಲ್ಲದೆ ಸಪ್ಪಳ ಮಾಡೋ ಕೈ ಇದೊಂದ ನೋಡಿದ್ದು. ಆ ಮ್ಯಾಲಿನ ಮಾಲಕ ನಿನಗ ಒಳಗ ಬಳಿ ಇಟ್ಟಾನ."

ಒಳಗೆ ಅರಿಷಿಣದ ಹಾಡು ಶುರುವಾಯಿತು. ಎರಡು ವರ್ಷಗಳಿಂದ ಆಸ್ಪತ್ರೆಯ ನರ್ಸು ಬಿಟ್ಟರೆ ಆ ಕೈಯನ್ನು ಯಾರೂ ಹಿಡಿದಿರಲಿಲ್ಲ. ಹಾಡು ಮುಗಿಯುವ ತನಕ ಹಂಪವ್ವ ಅದನ್ನು ಹಿಂದಕ್ಕೆ ಎಳೆದುಕೊಳ್ಳಲಿಲ್ಲ.