ಸೀಲಿನ ತುಟಿ

ಸಣ್ಣ ಟ್ರ್ಯಾಕ್ಟರಿನ ಹಿಂದೆ ಮಣ್ಣು ತೋಡುವ ತೋಳಿದೆಯಲ್ಲ, ಅದರ ಸಿಲಿಂಡರ್ ಎಣ್ಣೆ ಕಾರುತ್ತಿತ್ತು. ಬಿಚ್ಚಿ ನೋಡಿದೆ. ಒಳಗಿನ ರಬ್ಬರ್ ಸೀಲು ಉಲ್ಟಾ ಕೂತಿತ್ತು. ಎಣ್ಣೆಯ ಕಡೆಗಿರಬೇಕಾದ ತುಟಿ, ಅಂದರೆ ಎಣ್ಣೆ ತಡೆಯುವ ಅಂಚು, ಹೊರಗಡೆಗಿತ್ತು. ತಿಂಗಳ ಹಿಂದೆ ಅದನ್ನು ಹಾಕಿದವನು ನಾನೇ.

"ಏನಾಗಿದೆ ಮೇಸ್ತ್ರಿ?" ಮಾಲೀಕರು ಕೇಳಿದರು.

"ನಿಮ್ ಡ್ರೈವರ್ ಬಂಡೆ ಕೀಳೋಕೆ ಹೋಗಿದಾನೆ. ಸೀಲು ತಡ್ಕೊಂಡಿಲ್ಲ," ಎಂದುಬಿಟ್ಟೆ.

"ಹೌದೇನೋ ಮಾರೇಶ?"

ನಾನು ಬಿಚ್ಚುವಾಗ ಪಕ್ಕದಲ್ಲೇ ಇದ್ದ ಡ್ರೈವರ್ ಮಾರೇಶ ನನ್ನ ಮುಖವನ್ನೇ ನೋಡುತ್ತ ನಿಂತ. ನಾನು ಸ್ಪ್ಯಾನರ್ ಒರೆಸತೊಡಗಿದೆ.

"ನಾಳೆಯಿಂದ ನೀನ್ ಬರ್ಬೇಡ. ನಿನ್ ತಮ್ಮನ್ನ ಕಳ್ಸು," ಎಂದು ಮಾಲೀಕರು ಹೊರಟುಹೋದರು.

ಮಾರೇಶ ನನ್ನ ಪಕ್ಕ ಕುಕ್ಕರಗಾಲಲ್ಲಿ ಕೂತ. ಹೊಸ ಸೀಲನ್ನು ಅಂಗಿಗೆ ಒರೆಸಿ ನನ್ನ ಕೈಗಿಟ್ಟ.

"ಅಣ್ಣಾ, ಈ ಸಲ ತುಟಿ ಎಣ್ಣೆ ಕಡೆಗಿರ್ಲಿ. ನಾಳೆಯಿಂದ ಓಡ್ಸೋನು ನನ್ ತಮ್ಮ."