ನೀರು ಬಿದ್ದಾಗ ಏಳುವ ಹೆಸರು

ಮಗ್ಗಿನ ನೀರು ಕಾರಿನ ಹಿಂದಿನ ಗಾಜಿಗೆ ಬಿದ್ದದ್ದೇ ತಡ, ಆ ಹೆಸರು ಮತ್ತೆ ಎದ್ದು ನಿಂತಿತು: ಅಮೃತಾ. ಹಳೆಯ ಮಾಲೀಕರು ಸ್ಟಿಕ್ಕರ್ ಕಿತ್ತೇ ಕಾರು ಕೊಟ್ಟಿದ್ದರು. ಒಣಗಿದ ಗಾಜಿನಲ್ಲಿ ಏನೂ ಕಾಣುತ್ತಿರಲಿಲ್ಲ. ನೀರು ಸುರಿದಾಗ ಮಾತ್ರ, ಅಕ್ಷರವಿದ್ದ ಜಾಗದಲ್ಲಿ ಹನಿ ನಿಲ್ಲದೆ ಜಾರಿ, ಸುತ್ತಲಿನ ತೇವದ ನಡುವೆ ಮೂರಕ್ಷರ ಮೂಡುತ್ತಿದ್ದವು.

“ಬಂದ್ಲು ನೋಡ್ರಿ ಅಬ್ಬಾ!” ಏಳು ವರ್ಷದ ಜಾಸ್ಮೀನ ತೆಂಗಿನ ನಾರು ಹಿಡಿದು ಓಡಿ ಬಂದಳು. “ಹ್ವಾದ ರವಿವಾರ ಅಷ್ಟು ತಿಕ್ಕೀನಿ. ಇಕಿಗೆ ನಾಚಿಕಿನ ಇಲ್ಲೇನ?”

“ನಾರು ಹಚ್ಚಬ್ಯಾಡ, ಗಾಜಿಗೆ ಗೀರು ಬೀಳ್ತಾವ,” ಎಂದು ತೌಸೀಫ ಹಳೆಯ ಲುಂಗಿಯ ತುಂಡಿನಿಂದ ಸರಸರ ಒರೆಸಿದ. ಗಂಗಾವತಿಯ ಆ ಓಣಿಯ ಬೋರಿನ ನೀರು ಸವಳು. ಬಿಸಿಲಿಗೆ ಬಿಟ್ಟರೆ ಬಿಳಿ ಕಲೆ ಕೂರುತ್ತದೆ. ಹೀಗಾಗಿ ಕಾರು ಮನೆಗೆ ಬಂದಾಗಿನಿಂದ ಅವನದು ಒಂದೇ ನೇಮ, ಯಾವ ಹನಿಯೂ ತಾನಾಗಿ ಒಣಗಬಾರದು. ಬಟ್ಟೆ ಆಡಿದಲ್ಲೆಲ್ಲ ಹೆಸರು ಮಾಯವಾಯಿತು.

ನಾಹೀದಾ ಕಟ್ಟೆಯ ಮೇಲೆ ಮೆಂತ್ಯ ಸೊಪ್ಪು ಬಿಡಿಸುತ್ತ ಇದನ್ನೆಲ್ಲ ನೋಡುತ್ತಿದ್ದಳು. ಆ ಗಾಜಿನ ಮೇಲೆ ತನ್ನ ಹೆಸರು ಬರೆಸಬೇಕೆಂಬುದು ಮಗಳ ಹಟ. ಹಳೆಯ ಗುರುತು ಪೂರ್ತಿ ಹೋಗದ ಹೊರತು ಹೊಸ ಅಕ್ಷರ ಕೂರುವುದಿಲ್ಲ ಎಂದು ಸ್ಟಿಕ್ಕರ್ ಅಂಗಡಿಯವನು ಹೇಳಿ ಕಳಿಸಿದ್ದ. ನಿಂಬೆಹಣ್ಣು ತಿಕ್ಕಿದರು, ಸೀಮೆಎಣ್ಣೆ ಹಚ್ಚಿದರು, ಅಮೃತಾ ಅಲ್ಲಾಡಲಿಲ್ಲ. ನಾಹೀದಾಳಿಗೆ ಸಿಟ್ಟು ಬರುತ್ತಿರಲಿಲ್ಲ, ಕುತೂಹಲ ಬರುತ್ತಿತ್ತು. ಇಷ್ಟು ದೊಡ್ಡ ಅಕ್ಷರದಲ್ಲಿ ಬರೆಸಿಕೊಂಡವಳು ಯಾರಿರಬಹುದು? ಎಷ್ಟು ದೊಡ್ಡವಳು? ಹಿಂದಿನ ಸೀಟಿನಲ್ಲಿ ಯಾವ ಕಿಟಕಿಯ ಕಡೆ ಕೂರುತ್ತಿದ್ದಳು?

ಆಗಲೇ ಒಂದು ಬೈಕು ಬಂದು ಬಾಗಿಲ ಮುಂದೆ ನಿಂತಿತು.

“ನವಲಿಯಿಂದ ಬಂದೀನ್ರಿ, ಶರಣಕುಮಾರ. ಈ ಕಾರ ನಮ್ಮದ ಇತ್ರಿ,” ಎಂದ ಇಳಿದವನು. ವ್ಯವಹಾರವೆಲ್ಲ ದಲ್ಲಾಳಿಯ ಕೈಯಲ್ಲಿ ನಡೆದಿದ್ದರಿಂದ ಇವರು ಅವನ ಮುಖ ಕಂಡಿರಲಿಲ್ಲ. “ಎರಡನೇ ಕೀಲಿ ನಮ್ಮ ಟ್ರಂಕಿನ್ಯಾಗ ಉಳದಿತ್ರಿ. ನಿಮ್ಮದು ನಿಮಗ ಇರ್ಲಿ ಅಂತ ತಂದೀನ್ರಿ.”

ಬೈಕಿನ ಹಿಂದಿನಿಂದ ಒಬ್ಬ ಹುಡುಗಿ ಜಾರಿ ಇಳಿದಳು. ಯಾರ ಕಡೆಗೂ ನೋಡದೆ ನೇರ ಕಾರಿನ ಹಿಂದೆ ಹೋಗಿ ನಿಂತಳು. ಗಾಜು ಲಕಲಕ ಎನ್ನುತ್ತಿತ್ತು.

“ತಗದ ಬಿಟ್ಟಾರ,” ಎಂದಳು ಸಣ್ಣ ದನಿಯಲ್ಲಿ.

“ಅವರಲ್ಲವ್ವಾ, ಕೊಡೂ ಮುಂದ ನಾನ ತಗದೀನಿ,” ಎಂದ ಶರಣಕುಮಾರ ನಾಹೀದಾಳ ಕಡೆ ತಿರುಗಿದ. “ಕಾರ ಕೊಟ್ಟು ಟ್ರ್ಯಾಕ್ಟರ್ ತಗೊಂಡ್ವಿ ಅಕ್ಕಾರ. ಅದರ ಮ್ಯಾಲೂ ಇಕಿ ಹೆಸರ ಬರಸೋಣಂದ್ರ ಒಲ್ಲೆ ಅಂತಾಳ.”

“ಅದನ್ನೂ ಮಾರ್ತಿ,” ಎಂದಳು ಅಮೃತಾ ಗಾಜಿನಿಂದ ಕಣ್ಣು ತೆಗೆಯದೆ.

ಶರಣಕುಮಾರ ನಕ್ಕ. ನಗು ಅರ್ಧಕ್ಕೇ ನಿಂತಿತು.

ನಾಹೀದಾ ಸೊಪ್ಪಿನ ಬುಟ್ಟಿ ಕೆಳಗಿಟ್ಟಳು. ಇವಳೇ ಅವಳು! ಜಾಸ್ಮೀನಳಷ್ಟೇ ಎತ್ತರ, ಮುಂದಿನ ಒಂದು ಹಲ್ಲು ಇನ್ನೂ ಹುಟ್ಟಬೇಕು. ಜಾಸ್ಮೀನ ನಾರು ಹಿಡಿದ ಕೈಯನ್ನು ಬೆನ್ನ ಹಿಂದೆ ಮರೆಮಾಡಿ, ಬಂದವಳನ್ನು ಅಡಿಯಿಂದ ಮುಡಿಯವರೆಗೆ ನೋಡುತ್ತಿದ್ದಳು. ಇನ್ನೇನು ಜಗಳ ತೆಗೆಯುತ್ತಾಳೆ ಎಂದು ತಾಯಿ ಏಳುವಷ್ಟರಲ್ಲಿ, ಮಗಳು ನಾರನ್ನು ಎಸೆದು ಬಕೆಟ್ಟಿಗೆ ಓಡಿ ಮಗ್ಗು ತುಂಬಿಕೊಂಡು ಬಂದಳು.

“ಸರಿ ಅಕಡಿ,” ಎಂದು ಅಮೃತಾಳನ್ನು ಪಕ್ಕಕ್ಕೆ ಸರಿಸಿದಳು.

ರಪ್ಪನೆ ನೀರು ಬಿತ್ತು. ಮೂರಕ್ಷರ ಎದ್ದವು. ಅಮೃತಾಳ ಬಾಯಿ ತೆರೆದೇ ಉಳಿಯಿತು.

“ನೀ ಎಲ್ಲಿ ಹೋಗೀದಿ? ಇಲ್ಲೇ ಅದಿ,” ಎಂದಳು ಜಾಸ್ಮೀನ, ದೂರು ಹೇಳುವವಳ ಹಾಗೆ. “ನಿಂಬಿಹಣ್ಣ ಹಾಕಿ ತಿಕ್ಕೀವಿ, ಸೀಮಿಎಣ್ಣಿ ಹಾಕಿ ತಿಕ್ಕೀವಿ. ಜಪ್ಪಯ್ಯ ಅಂದ್ರೂ ಹೋಗವಲ್ಲಿ ನೀ.”

“ಖರೇನ?” ಅಮೃತಾಳ ಮುಖ ಅರಳಿತು. ತನ್ನ ಹೆಸರಿನ ಮೇಲೆ ಬೆರಳಾಡಿಸಿ, ತಂದೆಯತ್ತ ಮೊದಲ ಸಲ ತಿರುಗಿದಳು. “ಅಪ್ಪಾ, ನಿನಗ ತಗಿಯಾಕ ಬಂದಿಲ್ಲ ನೋಡು!”

“ಇಲ್ಲವ್ವಾ,” ಎಂದ ಶರಣಕುಮಾರ. “ನನ್ನ ಕೈಲೆ ಆಗಿಲ್ಲ.” ಈ ಸಲ ಅವನ ನಗು ಪೂರ್ತಿ ಬಂತು.

ಬಿಸಿಲು ಕಾಂಪೌಂಡು ದಾಟಿ ಗಾಜಿನ ಮೇಲೆ ಬಿದ್ದಿತು. ಅಭ್ಯಾಸಬಲದಿಂದ ತೌಸೀಫನ ಕೈ ಬಟ್ಟೆ ಹಿಡಿದು ಮುಂದೆ ಬಂತು. ಜಾಸ್ಮೀನ ಅವನ ಮಣಿಕಟ್ಟು ಹಿಡಿದಳು.

“ಒರಸಬ್ಯಾಡ್ರಿ ಅಬ್ಬಾ.”

“ಬಿಳಿ ಕಲಿ ಕೂಡ್ರತಾವ ಬೇಟಾ.”

“ಕೂಡ್ರಲಿ.”

“ಮತ್ತ ನಿನ್ನ ಹೆಸರ?”

“ತಡೀರಿ, ವಿಚಾರ ಮಾಡಾಕತ್ತೀನಿ,” ಎಂದಳು ದೊಡ್ಡವರ ಹಾಗೆ.

ತೌಸೀಫ ಹೆಂಡತಿಯ ಮುಖ ನೋಡಿದ. ನಾಹೀದಾ ಅವನ ಕೈಯಿಂದ ಲುಂಗಿಯ ತುಂಡನ್ನು ಮೆಲ್ಲನೆ ತೆಗೆದುಕೊಂಡು, ಚಹಾ ಇಡಲು ಒಳಗೆ ಹೋದಳು.

ಅಪ್ಪ-ಮಗಳು ಚಹಾ ಕುಡಿದು ಹೊರಟು, ಅವರ ಬೈಕು ಓಣಿಯ ತಿರುವು ದಾಟಿದ ಮೇಲೆ ನಾಹೀದಾ ಕಪ್ಪು-ಬಸಿಗಳನ್ನು ಎತ್ತಿಕೊಳ್ಳಲು ಹೊರಗೆ ಬಂದಳು. ಗಾಜು ಪೂರ್ತಿ ಒಣಗಿತ್ತು. ಸವಳು ನೀರು ಕೂತಲ್ಲೆಲ್ಲ ಸುಣ್ಣ ಚಿಮುಕಿಸಿದಂತೆ ಬಿಳಿ ಚುಕ್ಕೆ. ನೀರು ನಿಲ್ಲದ ಮೂರಕ್ಷರ ಮಾತ್ರ ತಿಳಿಯಾಗಿ, ನೀರಿಲ್ಲದೆಯೂ ಓದಲು ಬರುವಂತೆ ಉಳಿದಿದ್ದವು. ಆ ತಿಳಿ ಅಕ್ಷರವೊಂದರ ಹಿಂದೆ ಕಾರಿನೊಳಗಿನಿಂದ ಒಂದು ಕಣ್ಣು ಇಣುಕುತ್ತಿತ್ತು. ಕೆಳಗೆ, ಬಿಳಿ ಚುಕ್ಕೆಗಳ ನಡುವೆ ಒಂದು ಪುಟ್ಟ ಬೆರಳು ಗಾಜನ್ನು ಒಳಗಿನಿಂದ ತಟ್ಟುತ್ತ, ತನ್ನ ಹೆಸರಿಗೆಷ್ಟು ಜಾಗ ಬೇಕೆಂದು ಅಳೆಯುತ್ತಿತ್ತು.