ಎಡೆಗೊಂದು ಫೋಟೋ

ಅಜ್ಜಮ್ಮ ಗೋಡೆಯ ಉದ್ದಕ್ಕೂ ನಡೆದು ಬಂದು ಒಂದು ಚಿತ್ರದ ಮುಂದೆ ನಿಂತಳು. "ಇದು ನಮ್ಮ ಧನುಶ್ರೀದು" ಎಂದಳು.

ಫೋಟೋಗ್ರಾಫರ್ ಮಾರುತೇಶ ಹತ್ತಿರ ಬಂದು ನೋಡಿದ. ಚನ್ನಗಿರಿಯ ಆ ಸಭಾಭವನದಲ್ಲಿ ಅವನು ತೂಗುಹಾಕಿದ್ದ ನಲವತ್ತು ಚಿತ್ರಗಳಲ್ಲೂ ಇದ್ದುದು ಬರೀ ಬಾಯಿ. ಜಗಳೂರು ಕಡೆಯ ಒಂದು ಹಳ್ಳಿಯಲ್ಲಿ ಬೋರಿನ ಫ್ಲೋರೈಡ್ ನೀರು ಕುಡಿದು ಕಂದು ಪಟ್ಟೆ ಬಿದ್ದ ಹಲ್ಲುಗಳು. ನೋಡಿದವರು ಮರುಗಲಿ, ಆ ಊರಿಗೆ ಒಳ್ಳೆಯ ನೀರು ಬರಲಿ ಎಂಬುದು ಅವನ ಆಸೆಯಾಗಿತ್ತು. ಯಾವ ಬಾಯಿ ಯಾರದೆಂದು ಅವನಿಗೇ ನೆನಪಿರಲಿಲ್ಲ. ತಾಯಿಗೆ ಯಾರೂ ಹೇಳಬೇಕಾಗಿರಲಿಲ್ಲ.

ಮಗಳು ಕಾರ್ತಿಕದಲ್ಲಿ ಕಾಮಾಲೆಯಾಗಿ ತೀರಿಕೊಂಡಳೆಂದು ಅಜ್ಜಮ್ಮ ಹೇಳಿದಳು. ಇಪ್ಪತ್ತನಾಲ್ಕು ವರ್ಷ. ಬರುವ ಅಮಾವಾಸ್ಯೆಗೆ ಹಿರಿಯರ ಹಬ್ಬ. ಅವಳಿಗೆ ಮೊದಲ ಎಡೆ. ಎಡೆ ಇಡಲು ಫೋಟೋ ಬೇಕು. ಮನೆಯಲ್ಲಿರುವ ನಾಲ್ಕಾರು ಫೋಟೋಗಳಲ್ಲಿ ಅವಳು ವೇಲಿನಿಂದ ಬಾಯಿ ಮುಚ್ಚಿಕೊಂಡಿದ್ದಾಳೆ, ಇಲ್ಲವೆ ತಲೆ ತಗ್ಗಿಸಿದ್ದಾಳೆ. ಆಧಾರ್ ಕಾರ್ಡಿನದನ್ನು ದೊಡ್ಡದು ಮಾಡಿಸಿದರೆ ಮಸಿ ಬಳಿದಂತೆ ಬಂತು. ಅದಕ್ಕೇ ದಾವಣಗೆರೆಯಲ್ಲಿ ಬಸ್ಸು ಬದಲಿಸಿ ಇಲ್ಲಿಗೆ ಬಂದಿದ್ದಳು.

"ಅವತ್ತು ಮನೆಗೆ ಬಂದು ಹೇಳಿದ್ಲು ಸಾರ್, ಫೋಟೋದವರ ಮುಂದೆ ವೇಲು ತೆಗೆದು ನಕ್ಕುಬಿಟ್ಟೆ ಕಣವ್ವ ಅಂತ. ಅದನ್ನ ಕೊಡ್ರಿ. ಮುಖ ಪೂರ್ತಿ ಇರಾದು."

ಮಾರುತೇಶನಿಗೆ ಆ ದಿನ ನೆನಪಾಯಿತು. ಮುಖ ಬರಬಾರದೆಂದು ಹೆಂಗಸರೆಲ್ಲ ಮೊದಲೇ ಕರಾರು ಮಾಡಿದ್ದರು. ಅವನು ಅವರ ಗುಡಿಯ ಮುಂದೆ ನಿಂತು ಒಪ್ಪಿದ್ದ. ಆದರೂ ಯಾರೂ ಬಾಯಿ ಬಿಡದೆ ಕುಳಿತಿದ್ದಾಗ ಒಬ್ಬಳು, "ಸಂತೇಲಿ ಎತ್ತಿನ ಬಾಯಿ ಬಿಡಿಸಿದಂಗೆ ಬಿಡಿಸ್ತೀರಲ್ಲ ಸಾರ್, ಯಾಪಾರ ಎಷ್ಟಕ್ಕೆ?" ಎಂದಿದ್ದಳು. ಎಲ್ಲರೂ ನಕ್ಕಿದ್ದರು. ಆ ನಗು ಆರುವುದರೊಳಗೆ ಅವನು ಕೆಲಸ ಮುಗಿಸಿದ್ದ. ಅದನ್ನು ಅವನು ಅಜ್ಜಮ್ಮನಿಗೆ ಹೇಳಿದ.

"ಅವಳೇ ಅಂದಿದ್ದು" ಎಂದಳು ಅಜ್ಜಮ್ಮ. "ಬಲು ಬಾಯಿ ಅವಳಿಗೆ."

ಅವನು ಲ್ಯಾಪ್‌ಟಾಪ್ ತೆರೆದ. ಆ ಬಾಯಿಯವು ಏಳು ಫೋಟೋಗಳಿದ್ದವು. ಏಳರಲ್ಲೂ ಮೇಲಂಚಿಗೆ ಮೂಗಿನ ತುದಿ, ಕೆಳಗೆ ಗಲ್ಲ. ಅಜ್ಜಮ್ಮ ಪರದೆಯ ಮೇಲೆ ಬೆರಳಿಟ್ಟು, ಫೋನಿನಲ್ಲಿ ಜನ ಮಾಡುವಂತೆ, ಚಿತ್ರವನ್ನು ಕೆಳಕ್ಕೆ ಜಗ್ಗಿದಳು. ಅದು ಅಲುಗಲಿಲ್ಲ.

"ಕಣ್ಣು ಮೇಲಕ್ಕೈತೇನ್ರಿ?"

"ಇಲ್ಲಮ್ಮ. ತೆಗೆದಿದ್ದೇ ಇಷ್ಟು. ಮಾತು ಕೊಟ್ಟಿದ್ದೆ."

ಅವಳು ಇನ್ನೆರಡು ಸಲ ಜಗ್ಗಿ ಬೆರಳು ತೆಗೆದಳು. ಏನಾದರೂ ಮಾತಾಡಬೇಕಲ್ಲ ಎಂದು ಅವನು ನೀರಿನ ಸುದ್ದಿ ತೆಗೆದ. ನಿನ್ನೆ ಒಬ್ಬ ಅಧಿಕಾರಿ ಬಂದು ಅರ್ಧ ಗಂಟೆ ನಿಂತು ನೋಡಿದರೆಂದೂ, ಬಹಳ ಜನ ಕಣ್ಣೀರು ಹಾಕಿದರೆಂದೂ ಹೇಳಿದ. ಊರಿನ ಶುದ್ಧ ನೀರಿನ ಘಟಕ ತೆರೆದರೇ ಎಂದು ಕೇಳಿದ. ಹಾಕಿದ ಬೀಗ ಹಾಕಿದಂತೆಯೇ ಇದೆ ಎಂದಳು ಅಜ್ಜಮ್ಮ.

ಅವನು ಗೋಡೆಯಿಂದ ಆ ಚಿತ್ರವನ್ನು ಇಳಿಸಿ ಪೇಪರಿನಲ್ಲಿ ಸುತ್ತಿದ. ಕೊಡಲು ಕೈ ಬರಲಿಲ್ಲ.

"ಮುಖಾನೇ ಇಲ್ಲಮ್ಮ. ಇದನ್ನ ಹೆಂಗೆ ಇಡ್ತೀರಿ ಎಡೆಗೆ?"

ಅಜ್ಜಮ್ಮ ಎರಡೂ ಕೈ ಚಾಚಿ ತೆಗೆದುಕೊಂಡಳು.

"ಉಣ್ಣಾಕೆ ಬಾಯಿ ಐತಲ್ಲ ಸಾರ್. ಕುಡಿಯಾಕೆ ಇಡಾದು ಮಾತ್ರ ಅದೇ ನೀರು."